ಮರದಿಂದ ಬಿದ್ದೋರ ಕೈಗೆ ಬಿಲ್ಲು ಕೊಡಿ

ಮಾನ್ಯ ಸಂಪಾದಕರೇ,

ಅಡಿಕೆ ಗೊನೆ ಕೊಯ್ಲು ಶುರುವಾದ್ರೆ ಸಾಕು, ಮರದಿಂದ ಬಿದ್ದೋರ ಸುದ್ದಿ ನಿಮ್ಮ ಜಿಲ್ಲಾ ಪುಟದಲ್ಲಿ ಬರ್ತಾನೇ ಇರ್ತದೆ, ಹೊಸನಗರದ್ದೋ ಸಾಗರದ್ದೋ ತೀರ್ಥಹಳ್ಳಿದೋ. ಸತ್ರೆ ಪರಿಹಾರದ ಮಾತಾದ್ರೂ ಬರ್ತದೆ, ಬದುಕಿ ಮನೆಗೆ ಬಂದೋರ ಬಗ್ಗೆ ಆಮೇಲೆ ಯಾರೂ ಬರೆಯಲ್ಲ. ಸೊಂಟದ ಕೆಳಗೆ ಸ್ವಾಧೀನ ಹೋಗಿ ಜಗಲಿ ಮೇಲೇ ದಿನ ಕಳೆಯೋ ಮೂವತ್ತು ಮೂವತ್ತೈದರ ಹುಡುಗ್ರು ನಮ್ಮ ಕಡೆ ಇದ್ದಾರೆ. ನನ್ನ ಭಾವನೂ ಬಿದ್ದೋರೇ, ಈಗ ಬಲಗೈ ಬೆರಳು ಮಡಚಕ್ಕಾಗಲ್ಲ. ಇಂಥೋರಿಗೆ ಅಂತ ಶಿವಮೊಗ್ಗದಲ್ಲಿ ಒಂದು ಬಿಲ್ಲುಗಾರಿಕೆ ಕೇಂದ್ರ ಬೇಕು.

ಬಿಲ್ಲೇ ಯಾಕೆ ಅಂತ ಕೇಳ್ತೀರಿ. 1948ರ ಜುಲೈ 29ರಂದು, ಅತ್ಲಾಗೆ ಲಂಡನ್ ಒಲಿಂಪಿಕ್ಸ್ ಉದ್ಘಾಟನೆ ಆಗ್ತಿದ್ದ ದಿನವೇ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಲಿ ಲುಡ್ವಿಗ್ ಗುಟ್‌ಮನ್ ಅನ್ನೋ ಡಾಕ್ಟ್ರು ಯುದ್ಧದಲ್ಲಿ ಗಾಯಗೊಂಡ 16 ಜನರಿಗೆ ಒಂದು ಸ್ಪರ್ಧೆ ಇಟ್ರು, ಅದು ಬಿಲ್ಲುಗಾರಿಕೆನೇ. ಇವತ್ತಿನ ಪ್ಯಾರಾಲಿಂಪಿಕ್ಸ್ ಬೆಳೆದಿದ್ದೇ ಅಲ್ಲಿಂದ. ಕೂತಲ್ಲೇ ಹಗ್ಗ ಎಳೆದ್ರೆ ಭುಜ, ಬೆನ್ನು ಗಟ್ಟಿಯಾಗ್ತವೆ, ವೀಲ್‌ಚೇರ್ ತಳ್ಳೋರಿಗೆ ಬೇಕಾಗಿರೋದೂ ಅದೇ.

ಕೈಯಲ್ಲಿ ಶಕ್ತಿ ಇಲ್ಲದೋರು ಹೆಂಗೆ ಎಳೀತಾರೆ ಅಂದ್ರೆ, ಅದಕ್ಕೇ ಸಾಮಾನುಗಳು ಇದಾವೆ ಸ್ವಾಮಿ, ನಮ್ಮಲ್ಲಿ ನೋಡಿದೋರು ಕಡಿಮೆ ಅಷ್ಟೆ. ಕಾಂಪೌಂಡ್ ಬಿಲ್ಲು ಅಂತ ಬರ್ತದೆ, ಎರಡೂ ತುದಿಗೆ ಗಾಲಿ ಇರ್ತದೆ. ಅಮೆರಿಕದ ಮಿಸೌರಿ ರಾಜ್ಯದ ಹಾಲಿಸ್ ವಿಲ್ಬರ್ ಅಲೆನ್ ಅನ್ನೋರು ಮಾಡಿದ್ದು, 1969ರಲ್ಲಿ ಪೇಟೆಂಟ್ ಸಿಕ್ತು. ಬಿಲ್ಲಿಗೆ ಹೇಳೋ ಪೌಂಡು ಅದರ ತೂಕ ಅಲ್ಲ, ಎಳೆಯಕ್ಕೆ ಬೇಕಾದ ಬಲ. 40 ಪೌಂಡಿನ ಬಿಲ್ಲಾದ್ರೆ ಎಳೆಯುವಾಗ ಒಂದು ಹಂತದವರೆಗೆ ಹದಿನೆಂಟು ಕೆಜಿ ಭಾರ ಕೈಗೆ ಬರ್ತದೆ, ಪೂರ್ತಿ ಎಳೆದಾದ್ಮೇಲೆ ಗಾಲಿ ತಿರುಗಿ ಮುಕ್ಕಾಲು ಪಾಲು ಭಾರ ಇಳಿದುಬಿಡ್ತದೆ, ನಾಲ್ಕೂವರೆ ಕೆಜಿ ಹಿಡ್ಕೊಂಡು ಆರಾಮಾಗಿ ಗುರಿ ನೋಡ್ಬಹುದು. ಬೆರಳು ಮಡಚಕ್ಕಾಗದೋರಿಗೆ ರಿಲೀಸ್ ಅಂತ ಬಿಲ್ಲಿನ ಹಗ್ಗ ಹಿಡಿಯೋ ಕೊಕ್ಕೆ ಸಿಗ್ತದೆ, ಮಣಿಕಟ್ಟಿಗೆ ಕಟ್ಟೋದು, ಎಳೆಯೋದು ಮಣಿಕಟ್ಟು, ಬಿಡೋದು ಟ್ರಿಗರ್. ಒಂದು ಕೈ ಪೂರಾ ಇಲ್ಲದೋರು ಹಗ್ಗಕ್ಕೆ ಒಂದು ಪಟ್ಟಿ ಕಟ್ಟಿ ದವಡೆ ಹಲ್ಲಲ್ಲಿ ಕಚ್ಚಿ ಹಿಡಿದು, ಇನ್ನೊಂದು ಕೈಲಿ ಬಿಲ್ಲನ್ನ ಮುಂದಕ್ಕೆ ತಳ್ತಾರೆ. ಬಿಲ್ಲು ಎತ್ತಕ್ಕಾಗಲ್ವಾ, ವೀಲ್‌ಚೇರಿಗೇ ಸ್ಟ್ಯಾಂಡ್ ಸಿಕ್ಕಿಸಿ ಅದರ ಮೇಲೆ ಕೂರಿಸಬಹುದು, ಆದ್ರೆ ಇದು ಮನೇಲಿ ಅಭ್ಯಾಸಕ್ಕೆ, ಸ್ಪರ್ಧೆಲಿ ಯಾರಿಗೆ ಯಾವುದು ನಡೀತದೆ ಅಂತ ಬೇರೆ ನಿಯಮ ಇದೆ.

ಅಮೆರಿಕದಲ್ಲಿ ಬಿಲ್ಲಿಂದ ಜಿಂಕೆ ಬೇಟೆ ಆಡೋದು ಕಾನೂನು ಪ್ರಕಾರವೇ ನಡೀತದೆ, ಭುಜ ಹೋದೋರಿಗೆ ಬಂದೂಕಿನ ಥರ ಟ್ರಿಗರ್ ಒತ್ತಿ ಹೊಡೆಯೋ ಅಡ್ಡಬಿಲ್ಲು ಬಳಸಕ್ಕೆ ಎಷ್ಟೋ ರಾಜ್ಯದಲ್ಲಿ ಪರ್ಮಿಟ್ ಕೊಡ್ತಾರೆ, ಹಂಗಾಗಿ ಈ ಸಾಮಾನಿಗೆಲ್ಲ ಅಲ್ಲಿ ದೊಡ್ಡ ಮಾರ್ಕೆಟ್ ಇದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಶಿಕಾರಿ ಅಪರಾಧ, ಅದು ಹಂಗೇ ಇರ್ಲಿ, ನಾನು ಕೇಳ್ತಿರೋದು ಬರೀ ಗುರಿಹಲಗೆಗೆ.

ಶೀತಲ್ ದೇವಿನ ನೋಡಿ, ಎರಡೂ ಕೈ ಇಲ್ಲ, ಕಾಲಲ್ಲಿ ಬಿಲ್ಲು ಹಿಡಿದು ಭುಜದಲ್ಲಿ ಎಳೆದು ಹೊಡೀತಾಳೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ತಂದ್ಲು. ರಾಕೇಶ್ ಅಪಘಾತದಲ್ಲಿ ಬೆನ್ನುಹುರಿಗೆ ಏಟಾಗಿ ವೀಲ್‌ಚೇರಿಗೆ ಬಂದೋರು, ನಮ್ಮ ಹುಡುಗ್ರ ಕಥೆನೇ. ಇಬ್ರೂ ಕಲಿತಿದ್ದು ಜಮ್ಮು ಕಡೆಯ ಕಟ್ರಾದಲ್ಲಿ, ವೈಷ್ಣೋದೇವಿ ದೇವಸ್ಥಾನದ ಮಂಡಳಿ ನಡೆಸೋ ಕ್ರೀಡಾ ಸಂಕೀರ್ಣದಲ್ಲಿ. ಒಂದು ದೇವಸ್ಥಾನದ ಮಂಡಳಿ ಮಾಡಿದ್ದನ್ನ ನಮ್ಮ ಕಡೆ ದೊಡ್ಡ ದೇವಸ್ಥಾನದೋರು, ಮಠದೋರು, ಅಡಿಕೆ ಸಹಕಾರಿ ಸಂಘದೋರು ಸೇರಿದ್ರೆ ಮಾಡಕ್ಕಾಗಲ್ವಾ? ನಾವು ತಿನ್ನೋ ಅನ್ನಕ್ಕೆ ಮರ ಹತ್ತಿ ಬಿದ್ದೋರು ಅವ್ರು.

ಜಾಗದ ಚಿಂತೆನೂ ಬೇಡ. ಸ್ಪರ್ಧೆಲಿ ಕಾಂಪೌಂಡಿಗೆ 50 ಮೀಟರ್ ಬೇಕು ನಿಜ, ಆದ್ರೆ ಒಳಾಂಗಣ ಬಿಲ್ಲುಗಾರಿಕೆ 18 ಮೀಟರಲ್ಲೇ ನಡೀತದೆ, ಕಲಿಯೋಕೆ ಇನ್ನೂ ಕಮ್ಮಿ ಸಾಕು. ಜೂನ್‌ನಿಂದ ನಮ್ಮ ಮಳೇಲಿ ಬಯಲಲ್ಲಿ ವೀಲ್‌ಚೇರ್ ಅಲ್ಲಾಡಲ್ಲ, ಕೆಸರಲ್ಲಿ ಹೂತೇ ಹೋಗ್ತದೆ. ಆದ್ರೆ ಆಷಾಢದಲ್ಲಿ ಕಲ್ಯಾಣ ಮಂಟಪಗಳು ಖಾಲಿನೇ ಇರ್ತವಲ್ಲ, ಸೀಸನ್ ಮುಗಿದ್ಮೇಲೆ ಅಡಿಕೆ ಗೋದಾಮಲ್ಲೂ ಜಾಗ ಇರ್ತದೆ, ಸಿಮೆಂಟ್ ನೆಲ, ಮೇಲೆ ಸೂರು. ಹಿಂದೆ ಬಲೆ ಕಟ್ಟಿ, ಬಾಗಿಲಿಗೆ ಒಂದು ರ‍್ಯಾಂಪ್ ಹಾಕಿದ್ರೆ ಶುರು ಮಾಡ್ಬಹುದು.

ಖರ್ಚು ಇರೋದು ಸಾಮಾನಿಗೆ. ಸ್ಪರ್ಧೆ ಮಟ್ಟದ ಒಂದು ಕಾಂಪೌಂಡ್ ಸೆಟ್ ಲಕ್ಷ ದಾಟ್ತದೆ, ಮನೆಯೋರು ತಂದುಕೊಡಕ್ಕಾಗಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 30ನೇ ಕಲಂನಲ್ಲಿ ಕ್ರೀಡಾ ಸೌಲಭ್ಯ ಒದಗಿಸೋದು, ಅದಕ್ಕೆ ಹಣ ಇಡೋದು ಸರ್ಕಾರದ ಕೆಲಸ ಅಂತ ಇದೆ. ಹಂಗಾಗಿ ಕ್ರೀಡಾ ಇಲಾಖೆಯೋರು ಮೊದಲಿಗೆ ಕಮ್ಮಿ ಪೌಂಡಿನ ಬಿಲ್ಲು ನಾಲ್ಕು, ಬೇರೆ ಬೇರೆ ಥರದ ರಿಲೀಸು, ವೀಲ್‌ಚೇರಲ್ಲಿ ಕೂತೋರಿಗೆ ಕಲಿಸೋದು ಗೊತ್ತಿರೋ ಒಬ್ರು ಕೋಚ್, ಇಷ್ಟು ಕೊಡ್ಲಿ. ಹಳ್ಳಿಯಿಂದ ಅವ್ರನ್ನ ಕರ್ಕೊಂಡು ಬರೋಕೆ ವಾರಕ್ಕೆರಡು ಸಲ ಒಂದು ಗಾಡಿನೂ ಬೇಕು, ವೀಲ್‌ಚೇರ್ ತಗೊಂಡು ಬಸ್ ಹತ್ತಕ್ಕಾಗಲ್ಲ. ಗೋದಾಮು, ಮಂಟಪ ಕೊಡೋ ಮನಸ್ಸಿರೋರು ಈ ಮಳೆಗಾಲದೊಳಗೇ ಮುಂದೆ ಬರ್ಲಿ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ, ಹೊಸನಗರ ತಾಲೂಕು