ಮಗಳಿಗೊಂದು ಪತ್ರ: ಮೊಸರಿನ ಸ್ಲೈಡು ಗುಲಾಬಿಯಾದದ್ದಕ್ಕೆ

ತೀರ್ಥಹಳ್ಳಿ

ಪುಟ್ಟೀ,

ಗ್ರಾಮ್ ವಿಧಾನದಲ್ಲಿ ಬಣ್ಣ ಹಾಕಿದ ನಿನ್ನ ಮೊಸರಿನ ಸ್ಲೈಡಿನ ಫೋಟೊ ನೋಡಿದೆ. ಮೊಸರಿನ ಬ್ಯಾಕ್ಟೀರಿಯಾ ಗ್ರಾಮ್ ಪಾಸಿಟಿವ್, ಅಂದರೆ ನೇರಳೆ ಬಣ್ಣ ಉಳಿಸಿಕೊಳ್ಳುವ ಗುಂಪು, ದುಂಡು ಸರಪಳಿಗಳೂ ಕಡ್ಡಿಗಳೂ ನೇರಳೆಯಾಗಿ ಕಾಣಬೇಕಿತ್ತು. ನಿನ್ನದು ಮುಕ್ಕಾಲು ಪಾಲು ಗುಲಾಬಿ. ಬಣ್ಣದ ಬಾಟಲಿಯನ್ನು ಬೈಯುವ ಮೊದಲು, ಆಲ್ಕೋಹಾಲ್ ಎಷ್ಟು ಹೊತ್ತು ಬಿಟ್ಟೆ ಅಂತ ನೆನಪಿಸಿಕೋ.

ನೇರಳೆ ಬಣ್ಣದ ಕ್ರಿಸ್ಟಲ್ ವಯಲೆಟ್, ಅದನ್ನು ಹಿಡಿದಿಡುವ ಅಯೋಡಿನ್, ಕೊನೆಗೆ ಗುಲಾಬಿ ಬಣ್ಣದ ಸಫ್ರನಿನ್, ಒಂದೊಂದಕ್ಕೂ ಒಂದು ನಿಮಿಷ. ಐದಾರು ಸೆಕೆಂಡು ಆಚೀಚೆಯಾದರೆ ಏನೂ ಮುಳುಗಿಹೋಗುವುದಿಲ್ಲ. ಅಯೋಡಿನ್ ಆದಮೇಲೆ ಬಣ್ಣ ತೊಳೆಯಲು ಹಾಕುವ ಆಲ್ಕೋಹಾಲ್ ಹಾಗಲ್ಲ. ಸ್ಲೈಡನ್ನು ಓರೆಯಾಗಿ ಹಿಡಿದು 95% ಆಲ್ಕೋಹಾಲನ್ನು ತೊಟ್ಟು ತೊಟ್ಟಾಗಿ ಬಿಡು. ಕೆಳಗಿಳಿಯುವ ಹನಿಯಲ್ಲಿ ನೇರಳೆ ಕಾಣದಾದ ತಕ್ಷಣ ನೀರು ಹಾಕು. 10ರಿಂದ 20 ಸೆಕೆಂಡಿನ ಕೆಲಸ ಅಷ್ಟೇ. ವಯಲೆಟ್ಟೂ ಅಯೋಡಿನ್ನೂ ಕೂಡಿ ಜೀವಕೋಶದೊಳಗೆ ದೊಡ್ಡ ಗಂಟಾಗಿರುತ್ತವೆ. ಆಲ್ಕೋಹಾಲ್ ತಗುಲಿದಾಗ ಗ್ರಾಮ್ ಪಾಸಿಟಿವ್‌ನ ದಪ್ಪ ಪೆಪ್ಟಿಡೋಗ್ಲೈಕಾನ್ ಗೋಡೆ ನೀರಾರಿ ಬಿಗಿದುಕೊಂಡು ಆ ಗಂಟನ್ನು ಹಿಡಿದಿಡುತ್ತದೆ. ಗ್ರಾಮ್ ನೆಗೆಟಿವ್‌ನ ಹೊರಪೊರೆ ಕರಗಿ, ತೆಳು ಗೋಡೆಯಿಂದ ಬಣ್ಣ ಸೋರಿಹೋಗುತ್ತದೆ, ಕೊನೆಗೆ ಸಫ್ರನಿನ್ ಹತ್ತಿ ಗುಲಾಬಿಯಾಗುತ್ತದೆ. ಹೊತ್ತು ಮೀರಿದರೆ ದಪ್ಪ ಗೋಡೆಯೂ ಬಿಟ್ಟುಕೊಡುತ್ತದೆ.

ಮೊಸರು ಎಷ್ಟು ದಿನದ್ದು? ಹುಳಿ ಬಂದದ್ದರಲ್ಲಿ ಸತ್ತ ಜೀವಕೋಶ ಹೆಚ್ಚು, ಗೋಡೆ ಹಾಳಾದವು ಗುಲಾಬಿಯಾಗಿಯೇ ಕಾಣುತ್ತವೆ. ರಾತ್ರಿ ಹೆಪ್ಪು ಹಾಕಿದ್ದನ್ನು ಬೆಳಗ್ಗೆ ತೆಗೆದುಕೋ. ಕಡ್ಡಿಯ ತುದಿಗೆ ಅಂಟಿದಷ್ಟನ್ನು ಒಂದು ಹನಿ ನೀರಲ್ಲಿ ಕದಡಿ, ಅಡಿಯಿಟ್ಟ ಅಕ್ಷರ ಓದುವಷ್ಟು ತೆಳ್ಳಗೆ ಹರಡು. ದಪ್ಪವಾದರೆ ಹಾಲಿನ ಪ್ರೋಟೀನೇ ಸಫ್ರನಿನ್ ಹೀರಿ ಹಿನ್ನೆಲೆಯೆಲ್ಲ ಗುಲಾಬಿಯಾಗುತ್ತದೆ.

ಈ ಮಳೆಯಲ್ಲಿ ಸ್ಲೈಡಿಗೆ ಹರಡಿದ ಸ್ಮಿಯರ್ ಬೇಗ ಆರುವುದಿಲ್ಲ, ನಿಜ. ಹಾಗಂತ ಒದ್ದೆಯಿರುವಾಗಲೇ ಜ್ವಾಲೆಗೆ ಹಿಡಿದರೆ ಜೀವಕೋಶ ಒಡೆಯುತ್ತವೆ. ಪೂರ್ತಿ ಒಣಗಿದ ಮೇಲೆ ಮೂರು ಸಲ ಹಾಯಿಸು. ಮುಂಗೈಗೆ ತಗುಲಿಸಿದರೆ ಬಿಸಿಯೆನಿಸಬೇಕು, ಚುರ್ ಅನ್ನಬಾರದು.

ಮುಂದಿನ ಸಲ ಒಂದೇ ಸ್ಲೈಡಿನ ಒಂದು ತುದಿಗೆ ನೇರಳೆಯಾಗಬೇಕಾದ ಲ್ಯಾಬಿನ ಸ್ಟೆಫಿಲೋಕಾಕಸ್, ಇನ್ನೊಂದು ತುದಿಗೆ ಗುಲಾಬಿಯಾಗಬೇಕಾದ ಇ. ಕೊಲೈ, ನಡುವೆ ಮೊಸರು ಹಚ್ಚು. ಎರಡು ತುದಿಯೂ ಸರಿ ಬಂದಿದ್ದರೆ ಮಾತ್ರ ನಡುವಿನದನ್ನು ನಂಬು.

ಅಜ್ಜಿ ಮಂಗನ ಕಾಯಿಲೆಯ ಹುಳ ತೋರಿಸ್ತಾಳಂತಾ ಅಂತ ಕೇಳ್ತಿದ್ದಾರೆ. ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಪತ್ತೆಯಾದದ್ದು ವೈರಸ್, ಸುಮಾರು 50 ನ್ಯಾನೊಮೀಟರ್. ನಿನ್ನ ಮೈಕ್ರೋಸ್ಕೋಪು 200ಕ್ಕಿಂತ ಸಣ್ಣದನ್ನು ಬಿಡಿಸಿ ತೋರಿಸಲಾರದು. ಅದನ್ನು ಹರಡುವ ಉಣುಗು ಬೇಕಾದರೆ ತೋರಿಸಬಹುದು ಅಂದಿದ್ದೇನೆ.

ಮೈಕ್ರೋಸ್ಕೋಪಿನ 100 ಪಟ್ಟಿನ ಲೆನ್ಸಿಗೆ ಹಚ್ಚಿದ ಎಣ್ಣೆ ಒರೆಸಿಯೇ ಇಡು, ಆಷಾಢದಲ್ಲಿ ಗಾಜಿಗೂ ಬೂಷ್ಟು ಹಿಡಿಯುತ್ತದೆ.

ಅಮ್ಮ