ಸಂಪಿಗೆ ಬಿದ್ದ ಮೀನು

ಕುಮಟಾ
ಮೇ ಮೂರನೇ ವಾರ

ಗೆಳೆಯಾ,

ನೀನು ಕಳಿಸಿದ ವಿಡಿಯೋ ನಾಲ್ಕು ಸಲ ನೋಡಿದೆ. ಅಕ್ಕಿಕಾಳಿನಷ್ಟುದ್ದದ ಕ್ಲೌನ್ ಮೀನಿನ ಮರಿಗಳು, ಒಂದೊಂದರ ತಲೆಯ ಹಿಂದೆ ಬಿಳಿ ಪಟ್ಟೆ ಮೂಡುತ್ತಿದೆ. ಮರಿಗಳ ತಿಂಡಿಗೆಂದು ರೋಟಿಫರ್ ಎಂಬ ಅತಿ ಸಣ್ಣ ಜೀವಿಗಳನ್ನು ಸಾಕಿ, ಅದಕ್ಕೆ ಹಸಿರು ಪಾಚಿನೀರು ಬೆಳೆಸಿ, ಆಮೇಲೆ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿಯ ಮೊಟ್ಟೆ ಒಡೆಸಿ ಎರಡು ವಾರ ನಿದ್ದೆಗೆಟ್ಟವನಿಗೇ ಗೊತ್ತು ಆ ಬಿಳಿ ಪಟ್ಟೆಯ ಬೆಲೆ. ನೂರನಲವತ್ತು ಅಂತ ಎಣಿಸಿದ್ದೀಯ. ನನ್ನ ಮೊದಲ ಸಲ ಹನ್ನೊಂದು ಉಳಿದಿದ್ದವು, ಹಾಗಾಗಿ ಸ್ವಲ್ಪ ಹೊಟ್ಟೆಯುರಿಯೂ ಆಯಿತು.

ಆದರೆ ಕೆಳಗೆ ಬರೆದಿದ್ದೀಯಲ್ಲ, 'ಇನ್ನು ಬೆಳೆಸುವುದೊಂದೇ ಬಾಕಿ' ಅಂತ, ಅದನ್ನು ಓದಿ ನಗು ಬಂತು. ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಒಂದು ಟಬ್ಬಿನಲ್ಲಿ ಹಿಡಿಯುವ ನೂರನಲವತ್ತು ಮರಿಗೆ ಆರು ತಿಂಗಳಲ್ಲಿ ಮನೆಯ ಅರ್ಧ ಕೋಣೆ ಬೇಕು. ಮಾರುವಷ್ಟು, ಅಂದರೆ ಮೂರು ಸೆಂಟಿಮೀಟರು ದಾಟಲು, ನನ್ನಲ್ಲಿ ಐದಾರು ತಿಂಗಳು ಹಿಡಿಯುತ್ತದೆ. ಬೇಗ ಬೆಳೆದವು ನಾಲ್ಕಕ್ಕೇ ತಯಾರು. ಹಿಂದುಳಿದವು ವರ್ಷವಾದರೂ ಹಿಂದೆಯೇ.

ಆ ಹಿಂದುಳಿದವುಗಳ ಕತೆ ಮೊದಲು ಹೇಳುತ್ತೇನೆ. ಎರಡನೇ ಬ್ಯಾಚಿನಲ್ಲಿ ಒಂದು ಮರಿ ಓವರ್‌ಫ್ಲೋ ಪೈಪಿನಿಂದ ಜಾರಿ ಕೆಳಗಿನ ಸಂಪಿಗೆ ಬಿದ್ದಿತ್ತು. (ಹೂವಲ್ಲ ಮಾರಾಯ, ಸಂಪು, ಟ್ಯಾಂಕುಗಳ ನೀರು ಇಳಿದು ಸೇರುವ ತೊಟ್ಟಿ.) ಬೀಳುವಾಗ ಅದು ಬ್ಯಾಚಿನಲ್ಲೇ ಸಣಕಲು. ಸತ್ತಿತೆಂದು ಬಿಟ್ಟುಬಿಟ್ಟಿದ್ದೆ. ಎರಡು ತಿಂಗಳ ಮೇಲೆ ಸಂಪು ತೊಳೆಯಲು ಕೈ ಹಾಕಿದರೆ ಕತ್ತಲಲ್ಲಿ ಏನೋ ಬೆರಳು ಕಚ್ಚಿತು. ನೋಡಿದರೆ ಅದೇ ಮೀನು, ಮೇಲಿನ ಅಣ್ಣ-ತಮ್ಮಂದಿರಿಗಿಂತ ಒಂದೂವರೆ ಪಟ್ಟು ದೊಡ್ಡದು! ಯಾರೂ ಮೇಲೆ ಕೂತು ಹೆದರಿಸುವವರಿಲ್ಲ, ಮೇಲಿಂದ ಉದುರುವ ತಿಂಡಿಯೆಲ್ಲ ಅದಕ್ಕೇ.

ಇದರ ಹಿಂದೆ ವಿಜ್ಞಾನವೂ ಇದೆ. ಪೀಟರ್ ಬಸ್ಟನ್ ಎಂಬ ವಿಜ್ಞಾನಿ ಪಾಪುವಾ ನ್ಯೂಗಿನಿಯ ಕಡಲಲ್ಲಿ ಪರ್ಕುಲಾ ಕ್ಲೌನ್ ಮೀನುಗಳನ್ನು ಗಮನಿಸಿ 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು: ಗುಂಪಿನ ಪ್ರತಿ ಮೀನೂ ತನ್ನ ಮೇಲಿನದಕ್ಕಿಂತ ಚಿಕ್ಕದಾಗಿಯೇ ಉಳಿಯುವಂತೆ ತನ್ನ ಬೆಳವಣಿಗೆಯನ್ನು ತಾನೇ ಹಿಡಿದಿಡುತ್ತದೆ. ಮೇಲಿನ ಮೀನಿಗೆ ಸವಾಲಾಗಿ ಕಂಡರೆ ಗುಂಪಿನಿಂದ ಹೊರಗೆ ದಬ್ಬಿಸಿಕೊಳ್ಳುವ ಭಯ ಅದಕ್ಕೆ. ಹಾಗಾಗಿ ಸಣಕಲು ಮರಿಗೆ ಹೆಚ್ಚು ತಿಂಡಿ ಹಾಕಿದರೆ ಸಾಲದು, ದೊಡ್ಡವುಗಳ ಕಣ್ಣಿಂದ ದೂರ ಮಾಡಬೇಕು. ನಾನು ತಿಂಗಳಿಗೊಮ್ಮೆ ದೊಡ್ಡವು, ನಡುವಿನವು, ಚಿಕ್ಕವು ಎಂದು ಬೇರೆ ಮಾಡುತ್ತೇನೆ. ಬಲೆಯಲ್ಲಿ ಎತ್ತಬೇಡ, ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಹಿಡಿ. ಇನ್ನೊಂದು ವಿಚಿತ್ರ ಕೇಳು: ಒಂದು ಟ್ಯಾಂಕಿಗೆ ಏಳೆಂಟೇ ಬಿಟ್ಟರೆ ಎರಡು ಸೇರಿ ಉಳಿದವನ್ನು ಮೂಲೆಗೆ ಒತ್ತಿ ರೆಕ್ಕೆ ಹರಿಯುತ್ತವೆ. ಮೂವತ್ತು-ನಲವತ್ತು ಒಟ್ಟಿಗಿದ್ದರೆ ಯಾರಿಗೆ ಯಾರನ್ನು ಕಚ್ಚಬೇಕೆಂದೇ ತಿಳಿಯದೆ ಜಗಳ ಹಂಚಿಹೋಗುತ್ತದೆ.

ಬೇರೆ ಮಾಡಬೇಕೆಂದರೆ ಟ್ಯಾಂಕು ಹೆಚ್ಚು ಬೇಕು, ಪ್ರತಿ ಟ್ಯಾಂಕಿಗೂ ಬೇರೆ ಫಿಲ್ಟರ್ ಇಟ್ಟರೆ ತೊಳೆಯುವುದರಲ್ಲೇ ಆಯುಷ್ಯ ಮುಗಿಯುತ್ತದೆ. ಅದಕ್ಕೇ ಟ್ಯಾಂಕು ಹಲವು, ನೀರು ಒಂದು: ಎಲ್ಲ ಟ್ಯಾಂಕಿನ ನೀರೂ ಸಂಪಿಗೆ ಇಳಿದು, ಅಲ್ಲಿ ಶುದ್ಧವಾಗಿ, ಪಂಪಿನಿಂದ ಮತ್ತೆ ಮೇಲೇರುತ್ತದೆ. ನನ್ನಲ್ಲಿರುವುದು ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಆರು ಟ್ಯಾಂಕು, ಎರಡು ಸಾಲು. ಒಂದೊಂದರಲ್ಲಿ 45 ಲೀಟರ್ ನಿಲ್ಲುತ್ತದೆ. ಕೆಳಗೆ ಮೂರಡಿ ಉದ್ದದ, ಒಂದೂವರೆ ಅಡಿ ಅಗಲ-ಎತ್ತರದ ಸಂಪು, ಅದರಲ್ಲಿ ನೂರು ಲೀಟರ್ ಮಾತ್ರ. ಬರೀ ನೀರೇ 370 ಕೆಜಿ ಆಯಿತು, ಗಾಜು ಬೇರೆ. ನೀನಿರುವುದು ಬಾಡಿಗೆ ಮನೆಯ ಎರಡನೇ ಮಹಡಿ, ನೆನಪಿರಲಿ. ಸ್ಲಾಟೆಡ್ ಆಂಗಲ್ ರ‍್ಯಾಕನ್ನು ಗೋಡೆಗೆ ತಾಗಿಸಿ, ಕೆಳಗೆ ಬೀಮ್ ಹಾದುಹೋಗುವ ಕಡೆ ಇಡು. ಬಾಲ್ಕನಿಯಲ್ಲಂತೂ ಬೇಡ.

ಗಾಜಿಗೆ ತೂತು ಕೊರೆಯುವುದಕ್ಕೆ ಹೆದರಬೇಡ. ಡೈಮಂಡ್ ಬಿಟ್ ಈ ಪತ್ರದ ಜೊತೆಗೇ ಕೊರಿಯರಿನಲ್ಲಿ ಬರುತ್ತಿದೆ. ನೀರು ಬಿಡುತ್ತಾ, ಒತ್ತದೆ, ಡ್ರಿಲ್ಲಿನ ಭಾರಕ್ಕೇ ಕೊರೆಯಲು ಬಿಡು. ಟಫನ್ ಗ್ಲಾಸ್ ಆದರೆ ಮಾತ್ರ ಮುಟ್ಟಬೇಡ, ಇಡೀ ಗಾಜು ಪುಡಿಯಾಗುತ್ತದೆ. ಟ್ಯಾಂಕ್ ನಿಪ್ಪಲ್, ಎಲ್ಬೋ, ಯೂನಿಯನ್, ಬಾಲ್ ವಾಲ್ವ್ ಎಲ್ಲ ಪ್ಲಾಸ್ಟಿಕ್ಕಿನದೇ ಇರಲಿ. ಅಂಗಡಿಯವ 'ಇದು ಗಟ್ಟಿ ಸಾರ್' ಅಂತ ಹಿತ್ತಾಳೆಯದು ಕೊಟ್ಟರೆ ವಾಪಸು ಕೊಡು, ಉಪ್ಪುನೀರು ಅದನ್ನು ತಿನ್ನುತ್ತದೆ, ಕರಗಿದ ತಾಮ್ರ ನೀರಿಗೆ ಸೇರುತ್ತದೆ. ನೀರಿಳಿಯುವ ಪೈಪು ನೀರೇರುವ ಪೈಪಿಗಿಂತ ದಪ್ಪ ಇರಲೇಬೇಕು. ಓವರ್‌ಫ್ಲೋ ಬಾಯಿಗೆ ಮುಷ್ಟಿಗಾತ್ರದ ಸ್ಪಂಜು ಸಿಕ್ಕಿಸು. ಚಿಕ್ಕ ಜಾಲರಿ ಹಾಕಿದರೆ ಎಳೆತವೆಲ್ಲ ಅಲ್ಲೇ ಸೇರಿ ಮರಿ ಅಂಟಿಕೊಳ್ಳುತ್ತದೆ. ಸ್ಪಂಜನ್ನು ದಿನಾ ಹಿಂಡಬೇಕು, ಕಟ್ಟಿದರೆ ನೀರು ನೆಲಕ್ಕೆ.

ನೆಲಕ್ಕೆ ಅಂದಾಗ ನೆನಪಾಯಿತು. ಮೊದಲ ಸಲ ಎಲ್ಲ ಜೋಡಿಸಿ, ಸಂಪು ಗಂಟಲ ತನಕ ತುಂಬಿಸಿ, ಖುಷಿಯಲ್ಲಿ ಮಲಗಿದೆ. ರಾತ್ರಿ ಕರೆಂಟ್ ಹೋಯಿತು. ಪಂಪು ನಿಂತರೆ ಏನಾಗುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ. ಟ್ಯಾಂಕೊಂದರಲ್ಲಿ ಎರಡು ಸೆಂಟಿಮೀಟರು ಇಳಿದರೂ ಮೂರೂವರೆ ಲೀಟರು, ಆರಕ್ಕೆ ಇಪ್ಪತ್ತರ ಮೇಲೆ. ಸಾಲದ್ದಕ್ಕೆ ನೀರೇರಿಸುವ ಪೈಪಿನ ತುದಿ ಆಳದಲ್ಲಿ ಮುಳುಗಿತ್ತು, ಅದೇ ಪೈಪು ತಿರುಗಿ ಟ್ಯಾಂಕಿನ ನೀರನ್ನೆಲ್ಲ ಕೆಳಕ್ಕೆ ಹೀರಿತು. ಬೆಳಿಗ್ಗೆ ಉಗ್ರಾಣದಲ್ಲಿ ಅಕ್ಕಿ ಚೀಲ ಉಪ್ಪುನೀರಲ್ಲಿ ನಿಂತಿತ್ತು. 'ಸಮುದ್ರ ನೋಡಲು ಇನ್ನು ಹೊರಗೆ ಹೋಗಬೇಕಂತಿಲ್ಲ' ಅಂದರು ಆಯಿ, ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಈಗ ಪೈಪಿನ ತುದಿ ನೀರಿನ ಮಟ್ಟಕ್ಕೇ ಇಟ್ಟಿದ್ದೇನೆ, ಸ್ವಲ್ಪ ಕೆಳಗೊಂದು ಸಣ್ಣ ತೂತು, ಗಾಳಿ ಹೊಕ್ಕು ಹೀರುವುದು ನಿಲ್ಲುತ್ತದೆ. ಮರಿ ಬಿಡುವ ಮೊದಲು ಹತ್ತು ಸಲ ಸ್ವಿಚ್ ಆರಿಸಿ ನೋಡು. ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೋ.

ಸಂಪಿನ ಒಳಗೆ ಮೊದಲು ಬಟ್ಟೆ ಚೀಲದ ಫಿಲ್ಟರ್, ಆಮೇಲೆ ನೊರೆಯ ಜೊತೆ ಕೊಳೆ ತೆಗೆಯುವ ಸ್ಕಿಮ್ಮರ್, ಆಮೇಲೆ ಮೀನಿನ ಹೊಲಸಿನಿಂದ ಬರುವ ಅಮೋನಿಯಾ ವಿಷವನ್ನು ತಿನ್ನುವ ಬ್ಯಾಕ್ಟೀರಿಯಾ ಕೂರುವ ಪ್ಲಾಸ್ಟಿಕ್ ಬಿಲ್ಲೆಗಳು, ಕೊನೆಗೆ ಪಂಪು. ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಇವತ್ತೇ ಒಂದು ಬಕೆಟ್ ಉಪ್ಪುನೀರಿಗೆ ಬಿಲ್ಲೆ ಹಾಕಿ, ಗಾಳಿ ಬಿಟ್ಟು, ಒಂದು ಶೆಟ್ಲಿ (ಸಿಗಡಿ) ಕೊಳೆಯಲು ಹಾಕು. ನಾರುತ್ತದೆ, ಓನರ್ ಕೇಳಿದರೆ ಪಕ್ಕದ ಮನೆಯದು ಅನ್ನು. ತಾಯಿ-ತಂದೆ ಮೀನುಗಳ ಟ್ಯಾಂಕಿನಿಂದಲೇ ಬಿಲ್ಲೆ ತಂದರೆ ಬೇಗ ಆಗುತ್ತದಲ್ಲ ಅಂತ ನಿನ್ನ ತಲೆಗೆ ಬಂದೀತು. ಬೇಡ. ಅವುಗಳ ನೀರಿನ ಒಂದು ಹನಿಯೂ ಮರಿಗಳ ಕಡೆ ಬರಬಾರದು. ನೀರು ಒಂದೇ ಆಗಿರುವುದರ ಸಂಕಟವೇ ಅದು: ಪರೋಪಜೀವಿಗಳಿಂದ ಬರುವ ವೆಲ್ವೆಟ್ ರೋಗವೋ ಬ್ರೂಕ್ಲಿನೆಲ್ಲಾವೋ ಒಂದು ಟ್ಯಾಂಕಿಗೆ ಬಂದರೆ ಆರಕ್ಕೂ ಬಂದ ಹಾಗೆ. ಯುವಿ ಲ್ಯಾಂಪ್ ಸ್ವಲ್ಪ ತಡೆಯುತ್ತದೆ, ಅದನ್ನೇ ನಂಬಿ ಕೂರಬೇಡ. ಇಷ್ಟಿದ್ದರೂ ನಾನು ಇದನ್ನೇ ಆರಿಸುತ್ತೇನೆ. 45 ಲೀಟರಿನಲ್ಲಿ ಒಂದು ಹೊತ್ತು ತಿಂಡಿ ಹೆಚ್ಚಾದರೂ ಅಮೋನಿಯಾ ಏರುತ್ತದೆ, 370 ಲೀಟರು ಆ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ನೀರಿನ ವಿಷಯದಲ್ಲಿ ನಿನ್ನ ದಾರಿಯೇ ಬೇರೆ. ನನಗೆ ಕಡಲು ಹತ್ತಿರ, ಆದರೆ ಮಳೆ ಹಿಡಿದರೆ ಅಘನಾಶಿನಿಯ ಕೆಂಪು ನೀರು ಇಳಿದು ದಡದ ಬಳಿ ಉಪ್ಪೇ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳೂ ಇಳಿಯುವುದಿಲ್ಲ, ದೂರದಿಂದ ತರಿಸುವಂತಿಲ್ಲ. ಅದಕ್ಕೇ ಈ ವಾರವಿಡೀ ಉಬ್ಬರ ನೋಡಿಕೊಂಡು ನೀಲಿ ಡ್ರಮ್ಮುಗಳಿಗೆ ತುಂಬುತ್ತಿದ್ದೇನೆ, ಸೊಂಟ ಬಿದ್ದುಹೋಗಿದೆ. ನಿನಗೆ ಆರ್‌ಓ ನೀರಿಗೆ ಲೀಟರಿಗೆ 35 ಗ್ರಾಮಿನ ಲೆಕ್ಕದಲ್ಲಿ ಅಕ್ವೇರಿಯಂ ಉಪ್ಪು, ಮೊದಲ ಸಲ 13 ಕೆಜಿ. ನೀರು ಆರಿ ಕಡಿಮೆಯಾದಾಗ ಮತ್ತೆ ಉಪ್ಪುನೀರು ಹುಯ್ಯುತ್ತಿದ್ದೀಯಂತೆ. ಉಪ್ಪು ಆರುವುದಿಲ್ಲ ಮಾರಾಯ! ಸಿಹಿನೀರು ಹಾಕು. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ತೆಗೆದು ಬದಲಿಸುವಾಗ ಮಾತ್ರ ಉಪ್ಪುನೀರು. ನಿಮ್ಮೂರಿನ ಡಿಸೆಂಬರ್ ಚಳಿಗೆ ಹೀಟರ್ ಬೇಕೇ ಬೇಕು, 27 ಡಿಗ್ರಿಗೆ ಇಡು. ಸಂಪಿನಲ್ಲಿ ಒಂದೇ ಹೀಟರ್ ಸಾಕು ಎನ್ನುವುದೂ ನೀರು ಒಂದೇ ಆಗಿರುವುದರ ಲಾಭ.

ತಳಕ್ಕೆ ಮರಳು ಬೇಡ. ಮೂರು ಬದಿಗೆ ಕಪ್ಪು ಬಣ್ಣ ಬಳಿ, ಮರಿಗಳು ಬೆಚ್ಚುವುದು ಕಡಿಮೆ. ತಿಂಡಿ ದಿನಕ್ಕೆ ನಾಲ್ಕು ಸಲ, ಚಿಟಿಕೆ ಚಿಟಿಕೆ. ಮೊದಮೊದಲು ಆರ್ಟೀಮಿಯಾ, ಜೊತೆಗೇ ಪುಡಿ ಮಾಡಿದ ಪೆಲೆಟ್. ಇಲ್ಲಿ ನಾನು ಬೇಯಿಸಿದ ಬಳಚಿನ (ಚಿಪ್ಪುಮೀನಿನ) ಮಾಂಸ ಸಣ್ಣಗೆ ಕೊಚ್ಚಿ ಹಾಕುತ್ತೇನೆ. ಅದರಲ್ಲಿ ಅರ್ಧ ನನ್ನ ತಟ್ಟೆಗೂ ಬರುತ್ತದೆ.

ಕಿವಿರಿನ ಮುಚ್ಚಳ ಗಿಡ್ಡವಾದವು, ಪಟ್ಟೆ ಅರ್ಧಕ್ಕೇ ನಿಂತವು ಕೆಲವು ಬಂದೇ ಬರುತ್ತವೆ. ಪಟ್ಟೆ ಅರ್ಧವಾದರೆ ಮೀನಿಗೇನೂ ತೊಂದರೆಯಿಲ್ಲ, ಕೇಳುವವರಿಗೆ ಹೇಳಿ ಕಡಿಮೆಗೆ ಕೊಡು. ಉಸಿರಾಡಲು ಒದ್ದಾಡುವುದನ್ನು ಮಾತ್ರ ಯಾರಿಗೂ ಮಾರಬೇಡ.

ಕೊನೆಯದಾಗಿ, ಆರರಲ್ಲಿ ಒಂದು ಟ್ಯಾಂಕು ಯಾವಾಗಲೂ ಖಾಲಿ ಇಟ್ಟಿರು. ಬೇರೆ ಮಾಡಲು ಜಾಗವಿಲ್ಲದಿದ್ದರೆ ಮೇಲೆ ಹೇಳಿದ್ದೆಲ್ಲ ನೀರಿನಲ್ಲಿ ಹೋಮ.

ಹೀಗೆ ಹೇಳುತ್ತಿರುವ ನನ್ನ ಕತೆ ಕೇಳು. ಆ ಸಂಪಿನ ಮೀನಿಗೆ ಈಗ ಎರಡು ವರ್ಷ ದಾಟಿತು. ಬೇರೆ ಬ್ಯಾಚಿನ ಸಣ್ಣದೊಂದನ್ನು ಜೊತೆಗೆ ಬಿಟ್ಟಿದ್ದೆ, ಇವುಗಳ ಜೋಡಿಯಲ್ಲಿ ದೊಡ್ಡದೇ ಹೆಣ್ಣಾಗುವುದು, ಹಾಗಾಗಿ ಇದೇ ಹೆಣ್ಣಾಗಿದೆ. ಮೊನ್ನೆಯಿಂದ ಎರಡೂ ಸೇರಿ ಹೆಂಚಿನ ತುಂಡನ್ನು ಕಚ್ಚಿ ಕಚ್ಚಿ ತೊಳೆಯುತ್ತಿವೆ, ಇವತ್ತೋ ನಾಳೆಯೋ ಮೊಟ್ಟೆ. ಇಲ್ಲಿ ಆರು ಟ್ಯಾಂಕೂ ಭರ್ತಿ. ತೂತು ಕೊರೆದಾದ ಮೇಲೆ ಆ ಡೈಮಂಡ್ ಬಿಟ್ಟನ್ನು ಮರುದಿನವೇ ಕೊರಿಯರಿಗೆ ಹಾಕು.

ನಿನ್ನ ಗೆಳೆಯ