ಗಳಿಗೆಗೊಮ್ಮೆ ಕಡಿಯುವ ಲೈನು, ಹೋದ ಎರಡು ಜೀವ: ನಿಮ್ಮ ಬ್ರಾಡ್‌ಬ್ಯಾಂಡ್ ಬಗ್ಗೆ ನನ್ನ ಕೊನೆಯ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಪದೇ ಪದೇ ಕಡಿಯುವ ಫೈಬರ್ ಲೈನ್, ರಿಪೇರಿ ಮಾಡದೆ ಮುಚ್ಚಿದ ದೂರುಗಳು, ನಿಮ್ಮ ಕಾಲ್ ಸೆಂಟರ್‌ನಲ್ಲಿ ನನಗಾದ ಅವಮಾನ

ಮಾನ್ಯರೇ,

ಇಷ್ಟು ದಿನ ಫೋನಿನಲ್ಲಿ ಹೇಳಿದೆ. ಆಪ್‌ನಲ್ಲಿ ಹಾಕಿದೆ. ಇಮೇಲ್ ಕಳಿಸಿದೆ. ಬಿಸಿಲಲ್ಲಿ ನಿಮ್ಮ ಆಫೀಸಿಗೂ ಬಂದು ಹೋದೆ. ಎಲ್ಲ ಕಡೆ ಮೆತ್ತಗೇ ಮಾತಾಡಿದ್ದೇನೆ. ಇನ್ನು ಮುಂದೆ ಏನಿದ್ದರೂ ಬರವಣಿಗೆಯಲ್ಲೇ ಇರಲಿ ಅಂತ ಈ ಪತ್ರ.

ನಾನು ದಾವಣಗೆರೆಯವಳು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ವರ್ಷದ ಪ್ಲಾನ್‌ಗೆ ಪೂರ್ತಿ ದುಡ್ಡು ಮುಂಗಡ ಕಟ್ಟಿದ್ದೇನೆ. ಲೈನ್ ಕೆಟ್ಟರೆ ಎಷ್ಟು ಹೊತ್ತಲ್ಲಿ ಸರಿ ಮಾಡಬೇಕು, ಮಾಡದಿದ್ದರೆ ಬಿಲ್‌ನಲ್ಲಿ ಏನು ಕಡಿತ ಕೊಡಬೇಕು ಅಂತ ನೀವು ಕೊಟ್ಟ ಹಾಳೆಯಲ್ಲೇ ಇದೆ. ಅದನ್ನು ಬರೆದವರು ನೀವೇ. ಬಿಡಿಸಿ ಹೇಳುವ ಅಗತ್ಯ ಇಲ್ಲ.

ಈ ಲೈನನ್ನು ನಾನು ಯಾವುದಕ್ಕೆ ಬಳಸುತ್ತೇನೆ ಅಂತ ಮೊದಲೇ ಹೇಳಿಬಿಡುತ್ತೇನೆ. ಗಲಾಟೆ ಶುರುವಾಗಿದ್ದೇ ಅಲ್ಲಿಂದ. ನಾನು 'ಓಲ್ಡ್ ಸ್ಕೂಲ್ ರೂನ್‌ಸ್ಕೇಪ್' ಎಂಬ ಆನ್‌ಲೈನ್ ಆಟ ಕಲಿಯುತ್ತಿದ್ದೇನೆ. ಇಂಗ್ಲೆಂಡಿನ ಕೇಂಬ್ರಿಜ್‌ನ ಜಾಗೆಕ್ಸ್ ಕಂಪನಿಯ ಆಟ. ಮೂಲ ಆಟ ಬಂದದ್ದು 2001ರಲ್ಲಿ. ಮುಂದೆ ಅದನ್ನು ತುಂಬಾ ಬದಲಾಯಿಸಿದರು. ಹಳೆಯದೇ ಬೇಕು ಅಂತ ಆಟಗಾರರು ಪಟ್ಟು ಹಿಡಿದರು. 2007ರ ಆಗಸ್ಟಿನ ಪ್ರತಿಯೊಂದು ಉಳಿದಿತ್ತು. ಮತ ಹಾಕಿಸಿ, 2013ರ ಫೆಬ್ರವರಿಯಲ್ಲಿ ಅದನ್ನೇ ಮತ್ತೆ ತೆರೆದರು. ಆ ಹಳೆಯ ಪ್ರತಿಯ ಕಾಲದಲ್ಲಿ ನನ್ನ ಮಗ ಸ್ಕೂಲ್ ಬಿಟ್ಟ ಮೇಲೆ ಸೈಬರ್ ಕೆಫೆಯಲ್ಲಿ ಆಡುತ್ತಿದ್ದದ್ದು ಇದನ್ನೇ. ಈಗ ಅವನು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ. ನಮಗೆ ರಾತ್ರಿ ಹತ್ತೂವರೆ ಆದಾಗ ಅವನು ಕೆಲಸ ಮುಗಿಸಿ ಮನೆಗೆ ಬಂದಿರುತ್ತಾನೆ. ಆಗ ಇಬ್ಬರೂ ಕೂತು ಆಡುತ್ತೇವೆ. ವಿಡಿಯೋ ಕಾಲ್‌ನಲ್ಲಿ "ಊಟ ಆಯ್ತಾ, ಮಳೆ ಬಂತಾ" ಅಂದ ಮೇಲೆ ಮಾತು ಮುಗಿದುಹೋಗುತ್ತೆ. ಆಟದಲ್ಲಿ ಹಾಗಾಗುವುದಿಲ್ಲ. ಕೋಳಿಗೂಡಿನ ಹತ್ತಿರ ನಿಂತು ಒಂದು ಗಂಟೆ ಹರಟುತ್ತೇವೆ.

ಇದನ್ನು ಕಲಿಯುವುದು ಸುಮ್ನೆ ಆಗುವ ಕೆಲಸ ಅಲ್ಲ. ಮೊದಲು ಟ್ಯುಟೋರಿಯಲ್ ದ್ವೀಪ. ಸೀಗಡಿ ಹಿಡಿಯಬೇಕು, ಮರ ಕಡಿದು ಬೆಂಕಿ ಹಚ್ಚಿ ಬೇಯಿಸಬೇಕು. ತಾಮ್ರ, ತವರ ಅಗೆದು ಕರಗಿಸಿ ಕಂಚಿನ ಬಾಕು ಮಾಡಬೇಕು. ಇಲಿ ಹೊಡೆಯಬೇಕು, ಕೋಳಿ ಮೇಲೆ ಮಂತ್ರ ಹಾಕಬೇಕು. ಅದು ಮುಗಿದರೆ ಲಂಬ್ರಿಜ್ ಎಂಬ ಊರು. ಅಲ್ಲಿಂದಾಚೆ ಕೈಹಿಡಿದು ನಡೆಸುವವರು ಯಾರೂ ಇಲ್ಲ. ಊರವರನ್ನು ಮಾತಾಡಿಸಬೇಕು, ಅವರು ಹೇಳಿದ್ದನ್ನು ಓದಬೇಕು, ನೆನಪಿಡಬೇಕು.

ಅರಮನೆಯ ಅಡುಗೆಯವನಿಗೆ ಮೊಟ್ಟೆ, ಹಾಲು, ಹಿಟ್ಟು ತಂದುಕೊಡುವ ಕೆಲಸವೇ ಬಹುತೇಕರ ಮೊದಲ ಪಾಠ. ಗಾಳಿಗಿರಣಿಯ ಮೇಲಿನ ಅಂತಸ್ತಿಗೆ ಹತ್ತಿ ಗೋಧಿ ಸುರಿದು, ಹಿಡಿ ಎಳೆದು, ಕೆಳಗಿಳಿದು ಖಾಲಿ ಪಾತ್ರೆಯಲ್ಲಿ ಹಿಟ್ಟು ತುಂಬಿಸಿಕೊಳ್ಳಬೇಕು. ಅದನ್ನು ನಾನೇ ಹುಡುಕಿ ಮಾಡಿದೆ. ಮಗ ಬಾಯಿ ಬಿಡಲಿಲ್ಲ, ನಾನೇ ಬೇಡ ಅಂದಿದ್ದೆ. ಕೌಶಲಗಳ ಲೆಕ್ಕವಂತೂ ಗಣಿತದವರಿಗೆ ಹಬ್ಬ. ಒಂದು ಕೌಶಲದಲ್ಲಿ 99ನೇ ಮಟ್ಟ ಮುಟ್ಟಲು 1,30,34,431 ಅಂಕ ಬೇಕು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಗಳಿಸಿದಾಗ ನೀವಿರುವುದು 92ನೇ ಮಟ್ಟದಲ್ಲಿ. ಘಾತಾಂಕ ಎಂದರೇನು ಅಂತ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕೆಲಸದಲ್ಲಿದ್ದಾಗ ಸಿಗಲಿಲ್ಲ.

ಈಗ ನಷ್ಟದ ವಿಷಯ. ನಾವಿಬ್ಬರೂ ಆಡುತ್ತಿದ್ದದ್ದು 'ಹಾರ್ಡ್‌ಕೋರ್ ಗ್ರೂಪ್ ಐರನ್‌ಮ್ಯಾನ್' ಎಂಬ ಬಗೆ. ಅದರಲ್ಲಿ ಹೊರಗಿನವರ ಜೊತೆ ಕೊಡು-ಕೊಳ್ಳುವಿಕೆ ಇಲ್ಲ. ನಮ್ಮ ಕೈಯಾರೆ ಮಾಡಿದ್ದು, ಹಿಡಿದದ್ದು, ಗೆದ್ದದ್ದು ಮಾತ್ರ ನಮ್ಮದು. ಗುಂಪಿನಲ್ಲಿ ಎಷ್ಟು ಜನರೋ ಅಷ್ಟೇ ಜೀವ. ನಾವು ಇಬ್ಬರು, ಎರಡು ಜೀವ. ಎರಡೂ ಹೋದರೆ ಇಡೀ ಗುಂಪಿನ 'ಹಾರ್ಡ್‌ಕೋರ್' ಪಟ್ಟ ಹೋಗುತ್ತೆ, ತಿರುಗಿ ಬರುವುದಿಲ್ಲ. ನಮ್ಮ ಕಡೆಯ ಲೈನ್ ಕಡಿದು ಸತ್ತರೆ ಜಾಗೆಕ್ಸ್‌ನವರು ಜೀವ ವಾಪಸ್ ಕೊಡುವುದಿಲ್ಲ. ಆ ನಿಯಮ ಗೊತ್ತಿದ್ದೇ ಒಪ್ಪಿಕೊಂಡಿದ್ದೇವೆ. ಅವರ ಮೇಲೆ ನನಗೆ ದೂರಿಲ್ಲ.

ಮೊದಲ ಜೀವ ಹೋದದ್ದು ಲಂಬ್ರಿಜ್‌ನಿಂದ ವ್ಯಾರಕ್‌ಗೆ ಹೋಗುವ ದಾರಿಯಲ್ಲಿ. ವ್ಯಾರಕ್‌ನ ದಕ್ಷಿಣಕ್ಕೆ ಕಲ್ಲಿನ ವೃತ್ತ ಇದೆ, ಅಲ್ಲಿ ಕಪ್ಪು ಮಂತ್ರವಾದಿಗಳಿದ್ದಾರೆ. ಹೊಸಬರನ್ನು ಕಂಡರೆ ತಾವಾಗಿಯೇ ಮೇಲೆ ಬೀಳುತ್ತಾರೆ. ಓಡಿ ದಾಟಿದರೆ ಆಯ್ತು. ನಾನು ಓಡುತ್ತಿದ್ದೆ. ನಿಮ್ಮ ಲೈನ್ ನಿಂತಿತು. ಪರದೆಯ ಮೂಲೆಯಲ್ಲಿ 'ಕನೆಕ್ಷನ್ ಲಾಸ್ಟ್' ಎಂಬ ಪುಟ್ಟ ಚೌಕ. ಹೊಡೆತ ಬೀಳುತ್ತಿರುವಾಗ ಲೈನ್ ಹೋದರೆ ನಮ್ಮ ಪಾತ್ರ ಆಟದಿಂದ ತಕ್ಷಣ ಮಾಯವಾಗುವುದಿಲ್ಲ, ಅಲ್ಲೇ ನಿಂತಿರುತ್ತೆ. ಲೈನ್ ಬರುವಷ್ಟರಲ್ಲಿ ನಾನು ಸತ್ತು, ಮತ್ತೆ ಲಂಬ್ರಿಜ್‌ನ ಅಂಗಳದಲ್ಲಿದ್ದೆ.

ಎರಡನೆಯದು ಇನ್ನೂ ಹೊಟ್ಟೆ ಉರಿಸುವಂಥದ್ದು. ಡ್ರೇನರ್ ಊರಿನ ಹತ್ತಿರದ ಬಂಗಲೆಯ ನೆಲಮಾಳಿಗೆಯಲ್ಲಿ ರಕ್ತಪಿಶಾಚಿಯೊಂದಿದೆ. ಅದಕ್ಕೆ ತಯಾರಿ ಬೇಕು. ಊರಿನ ಮಾರ್ಗನ್ ಎಂಬವನ ಮನೆ ಮಹಡಿಯಿಂದ ಬೆಳ್ಳುಳ್ಳಿ ತಂದೆ, ಅದು ಜೊತೆಗಿದ್ದರೆ ಪಿಶಾಚಿಯ ಬಲ ಕುಂದುತ್ತೆ. ವ್ಯಾರಕ್‌ನ ಬ್ಲೂ ಮೂನ್ ಇನ್‌ನಲ್ಲಿ ಡಾಕ್ಟರ್ ಹಾರ್ಲೋಗೆ ಬಿಯರ್ ಕೊಡಿಸಿ ಮರದ ಗೂಟ ಪಡೆದೆ. ಸುತ್ತಿಗೆ ತಗೊಂಡೆ. ನದಿದಂಡೆಯಲ್ಲಿ ನಿಂತು ಟ್ರೌಟ್ ಮೀನು ಹಿಡಿದು, ಬೇಯಿಸಿ, ಚೀಲ ತುಂಬಿಕೊಂಡೆ. ಒಂದು ಟ್ರೌಟ್ ತಿಂದರೆ ಹೊಡೆತಕ್ಕೆ ಕಳೆದ ಶಕ್ತಿ 7 ಪಾಯಿಂಟ್ ವಾಪಸ್ ಬರುತ್ತೆ. ಪಿಶಾಚಿ ಸೋಲುವ ಹಂತಕ್ಕೆ ಬಂದಿತ್ತು. ನನ್ನ ಚೀಲದಲ್ಲಿ ಇನ್ನೂ ಬೇಕಾದಷ್ಟು ಮೀನಿತ್ತು. ಒಂದನ್ನು ಒತ್ತಿದೆ. ಪಾತ್ರ ತಿನ್ನಲಿಲ್ಲ. ರೌಟರ್ ಪಕ್ಕದ ನಿಮ್ಮ ಬಿಳಿ ಡಬ್ಬಿಯ ಮೇಲೆ ಕೆಂಪು ದೀಪ ಮಿಣುಕುತ್ತಿತ್ತು. ಪರದೆಗೆ ಜೀವ ಬಂದಾಗ ನಮ್ಮಿಬ್ಬರ ಹೆಸರಿನ ಪಕ್ಕದ ಗುರುತು ಬದಲಾಗಿತ್ತು. "ಪರವಾಗಿಲ್ಲ ಬಿಡಮ್ಮ" ಅಂದ ಮಗ. ಅವನ ದನಿ ಕೇಳಿದ ನನಗೆ ಪರವಾಗಿಲ್ಲ ಅನ್ನಿಸಲಿಲ್ಲ.

ಮಾರನೇ ಬೆಳಿಗ್ಗೆ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಕರೆ ರೆಕಾರ್ಡ್ ಆಗುತ್ತೆ ಅಂತ ನಿಮ್ಮ ಯಂತ್ರವೇ ಹೇಳಿತು. ದಯವಿಟ್ಟು ಅದನ್ನು ತೆಗೆಸಿ ನೀವೇ ಕೇಳಿ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಹುಡುಗ ಮೊದಲು ಕೇಳಿದ್ದು, "ಮೇಡಂ, ಸ್ಪೀಡ್ ಟೆಸ್ಟ್ ಮಾಡಿದ್ರಾ?" ಮಾಡಿದ್ದೆ. ನೂರರ ಪ್ಲಾನಿಗೆ ತೊಂಬತ್ತರ ಮೇಲೇ ಬಂದಿತ್ತು. "ಹಾಗಾದ್ರೆ ನಮ್ಮ ಕಡೆಯಿಂದ ಪ್ರಾಬ್ಲಂ ಇಲ್ಲ ಮೇಡಂ." ನಾನು ಹೇಳಿದೆ, "ವೇಗ ಕಡಿಮೆ ಅಂತ ನಾನು ಹೇಳ್ತಿಲ್ಲಪ್ಪ, ಲೈನು ಮಧ್ಯೆ ಮಧ್ಯೆ ಕಡಿಯುತ್ತೆ." ಅದಕ್ಕೆ, "ಮನೇಲಿ ಬೇರೆ ಯಾರಿಗಾದ್ರೂ ತೊಂದ್ರೆ ಆಗಿದ್ಯಾ? ವಿಡಿಯೋ ಚೆನ್ನಾಗಿ ಬರುತ್ತಲ್ವಾ?" ಬರುತ್ತೆ. ವಿಡಿಯೋ ಮುಂದಿನ ಭಾಗವನ್ನು ಮೊದಲೇ ಇಳಿಸಿಕೊಂಡಿರುತ್ತೆ. ಅರ್ಧ ನಿಮಿಷ ಲೈನ್ ಹೋದರೂ ನೋಡುವವರಿಗೆ ಗೊತ್ತಾಗಲ್ಲ. ಇದೇ ಕಾರಣಕ್ಕೆ ನಮ್ಮ ಬೀದಿಯಲ್ಲಿ ಬೇರೆಯವರು ದೂರು ಕೊಟ್ಟಿಲ್ಲ ಅಂತಲೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಯಾವ ಅಪ್ಲಿಕೇಶನ್‌ನಲ್ಲಿ ಪ್ರಾಬ್ಲಂ ಮೇಡಂ?" ಆಟದ ಹೆಸರು ಹೇಳಿದೆ. "ಗೇಮಾ? ಮನೇಲಿ ಮಕ್ಕಳು ಆಡ್ತಾರಾ?" ನಾನೇ ಆಡ್ತೀನಿ ಅಂದೆ. "ನೀವಾ?" ಹೌದು. "ಮೇಡಂ ನಿಮ್ಮ ವಯಸ್ಸು?" ಲೈನ್ ರಿಪೇರಿಗೂ ನನ್ನ ವಯಸ್ಸಿಗೂ ಏನು ಸಂಬಂಧ ಅಂತ ಕೇಳಿದೆ. "ಸಿಸ್ಟಂನಲ್ಲಿ ಕೇಳುತ್ತೆ ಮೇಡಂ" ಅಂದ. ನಿಮ್ಮ ಸಿಸ್ಟಂನಲ್ಲಿ ದೂರು ಬರೆದುಕೊಳ್ಳಲು ಗ್ರಾಹಕರ ವಯಸ್ಸು ಬೇಕೇ? ಬೇಕು ಅಂತಾದರೆ ಲಿಖಿತವಾಗಿ ತಿಳಿಸಿ.

ಆಮೇಲೆ ಅವನು ಹೇಳಿದ್ದು, "ಸರ್ವರ್ ಫಾರಿನ್‌ನಲ್ಲಿದೆ ಮೇಡಂ, ಅದಕ್ಕೇ ಹಂಗಾಗುತ್ತೆ, ನಾವೇನೂ ಮಾಡಕ್ಕಾಗಲ್ಲ." ತಾಳ್ಮೆಯಿಂದ ವಿವರಿಸಿದೆ. ಈ ಆಟ ನಡೆಯುವುದೇ ಹಂತ ಹಂತವಾಗಿ, ಒಂದು ಹಂತಕ್ಕೆ 0.6 ಸೆಕೆಂಡ್. ಇಲ್ಲಿಂದ ಇಂಗ್ಲೆಂಡಿಗೆ ಸಂದೇಶ ಹೋಗಿ ಬರಲು ಅದರ ಅರ್ಧದಷ್ಟು ಹೊತ್ತೂ ಬೇಡ. ದೂರದಿಂದ ಈ ಆಟಕ್ಕೆ ತೊಂದರೆ ಆಗಲ್ಲ, ಕಡಿತದಿಂದ ಆಗುತ್ತೆ. ಕೆಂಪು ದೀಪ ಉರಿಯುವುದು ನಮ್ಮ ಮನೆಯಲ್ಲಿ, ಇಂಗ್ಲೆಂಡಿನಲ್ಲಲ್ಲ.

"ಹೋಲ್ಡ್ ಮಾಡಿ ಮೇಡಂ" ಅಂದ. ಹೋಲ್ಡ್ ಒತ್ತಲಿಲ್ಲ. ಸಂಗೀತ ಬರಲಿಲ್ಲ, ಮಾತು ಬಂತು. "ಲೋ, ಇಲ್ಲೊಂದು ಅಜ್ಜಿ ಗೇಮ್ ಆಡುತ್ತಂತೆ ಕಣೋ. ನೆಟ್ ಹೋಗಿ ಸತ್ತೋಯ್ತಂತೆ." ಎರಡು ಮೂರು ಜನ ನಕ್ಕರು. ಒಬ್ಬರು, ಹೆಣ್ಣು ದನಿ, "ಸತ್ತ ಮೇಲೆ ಹೆಂಗೆ ಫೋನ್ ಮಾಡ್ತು?" ಅಂದರು. ಮತ್ತೆ ನಗು. ನನ್ನ ಫೋನ್ ಸ್ಪೀಕರ್‌ನಲ್ಲಿತ್ತು. ಅಡುಗೆಮನೆಯಲ್ಲಿ ನಮ್ಮ ನಾದಿನಿ ಇದ್ದರು, ಹಾಲಿನಲ್ಲಿ ಮನೆಪಾಠಕ್ಕೆ ಬಂದ ಮಕ್ಕಳಿದ್ದರು. ಎಲ್ಲರೂ ಕೇಳಿಸಿಕೊಂಡರು. ಮಕ್ಕಳು ತಲೆ ತಗ್ಗಿಸಿ ಪುಸ್ತಕ ನೋಡುತ್ತಾ ಕೂತರು. ಇಡೀ ಕೆಲಸದ ಅವಧಿಯಲ್ಲಿ ಒಂದು ಮಗುವೂ ನನ್ನನ್ನು ಹೀಗೆ ಆಡಿಕೊಂಡಿರಲಿಲ್ಲ.

ಅವನು ವಾಪಸ್ ಬಂದು ಏನೂ ಆಗಿಲ್ಲದ ಹಾಗೆ, "ಮೇಡಂ, ರೌಟರ್ ಆಫ್ ಮಾಡಿ ಆನ್ ಮಾಡಿ. ಇಷ್ಟಕ್ಕೂ ಅದು ಗೇಮ್ ತಾನೇ, ಮತ್ತೆ ಮೊದ್ಲಿಂದ ಆಡಿದ್ರಾಯ್ತು" ಅಂದ. ಮೇಲಧಿಕಾರಿಯ ಜೊತೆ ಮಾತಾಡಬೇಕು ಅಂದೆ. ಲೈನ್ ಕಟ್ ಆಯಿತು. ನನಗೆ ಮತ್ತೆ ಫೋನ್ ಬರಲಿಲ್ಲ.

ಟೆಕ್ನಿಷಿಯನ್ ಬಂದದ್ದು ಅದಾದ ಎಷ್ಟೋ ದಿನಕ್ಕೆ. ಆ ಹುಡುಗನ ಮೇಲೆ ನನ್ನ ದೂರು ಇಲ್ಲ, ಕೆಲಸ ಬಲ್ಲವನು. ಫೈಬರ್‌ನಲ್ಲಿ ಬರುವ ಬೆಳಕು ಎಷ್ಟಿದೆ ಅಂತ ಮೀಟರ್ ಹಚ್ಚಿ ನೋಡಿದ, ಮೈನಸ್ 29 ತೋರಿಸಿತು. ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೈನಸ್ 27 ದಾಟಿದರೆ ಲೈನ್ ಕೈಕೊಡುತ್ತೆ ಅಂತ ಅವನೇ ಹೇಳಿದ. ನಮ್ಮ ಬೀದಿಯ ಕಂಬದ ಮೇಲಿನ ಜಾಯಿಂಟ್ ಬಾಕ್ಸ್‌ಗೆ ಮುಚ್ಚಳ ಇಲ್ಲ, ನೀರು ಇಳಿದಿದೆ, ಗಾಳಿಗೆ ವೈರ್ ಅಲ್ಲಾಡಿದಾಗ ಬೆಳಕು ಹೋಗುತ್ತೆ, ಹೊಸದಾಗಿ ಜಾಯಿಂಟ್ ಹಾಕಬೇಕು ಅಂದ. ಅದಕ್ಕೆ ಬೇರೆ ತಂಡ ಬರಬೇಕಂತೆ, ಮೇಲಿಂದ ಒಪ್ಪಿಗೆ ಬೇಕಂತೆ. ಹೊರಡುವಾಗ, "ಓಟಿಪಿ ಹೇಳಿ ಮೇಡಂ, ಕಂಪ್ಲೇಂಟ್ ಕ್ಲೋಸ್ ಮಾಡ್ಬೇಕು, ಇಲ್ಲಾಂದ್ರೆ ನನ್ನ ಮೇಲೆ ಬರುತ್ತೆ" ಅಂದ. ಕೆಲಸ ಆಗದೆ ಓಟಿಪಿ ಕೊಡಲ್ಲ ಅಂದೆ. ಸಂಜೆ ಮೆಸೇಜ್ ಬಂತು: 'ನಿಮ್ಮ ದೂರು ಬಗೆಹರಿದಿದೆ. ಗ್ರಾಹಕರು ತೃಪ್ತರಾಗಿದ್ದಾರೆ.'

ನಾನು ತೃಪ್ತಳು ಅಂತ ನಿಮಗೆ ಹೇಳಿದವರು ಯಾರು? ಓಟಿಪಿ ಕೊಟ್ಟವರು ಯಾರು? ಉತ್ತರ ಹೆಸರು ಸಮೇತ ಬೇಕು.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ನಾನು ಆ ಲೈನಿನಲ್ಲಿ ಆಟ ಆಡಲಿ, ಪಂಚಾಂಗ ನೋಡಲಿ, ಅದು ನನ್ನ ಇಷ್ಟ. ಆಟ ಅಂದ ತಕ್ಷಣ ನಿಮ್ಮ ಕಂಬದ ಜಾಯಿಂಟ್ ಸರಿಹೋಗಲ್ಲ. ವಯಸ್ಸಾದವರು ಹೊಸದನ್ನು ಕಲಿಯುವುದು ನಗುವ ವಿಷಯ ಅಂತ ನಿಮ್ಮ ತರಬೇತಿಯಲ್ಲಿ ಹೇಳಿಕೊಡುತ್ತಿದ್ದರೆ, ಅದನ್ನು ಮೊದಲು ನಿಲ್ಲಿಸಿ.

ನನಗೆ ಬೇಕಾದದ್ದು ಜಾಸ್ತಿ ಏನಿಲ್ಲ. ಜಾಯಿಂಟ್ ಸರಿಯಾಗಬೇಕು, ಮೀಟರ್ ರೀಡಿಂಗ್ ನನಗೆ ತೋರಿಸಬೇಕು. ದೂರು ಕೊಟ್ಟ ದಿನದಿಂದ ಬಿಲ್ ಕಡಿತ ಆಗಬೇಕು. ಆ ಕರೆಯ ಬಗ್ಗೆ ಕ್ಷಮೆ ಪತ್ರ ಬರಬೇಕು, ನಿಮ್ಮ ಸಹಿಯಲ್ಲಿ. ಹೋದ ಜೀವವನ್ನು ನೀವು ಕೊಡಲಾರಿರಿ, ಅದು ನನಗೆ ಗೊತ್ತು.

ಏಳು ದಿನ ಕಾಯುತ್ತೇನೆ. ಆಮೇಲೆ ನಿಮ್ಮದೇ ಮೇಲ್ಮನವಿ ಪ್ರಾಧಿಕಾರಕ್ಕೆ ಅರ್ಜಿ ಹೋಗುತ್ತೆ. ಜೊತೆಗೇ 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಹೋಗುತ್ತೆ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಟೆಲಿಕಾಂ ದೂರನ್ನು ಅಲ್ಲಿ ಕೇಳುವ ಹಾಗಿಲ್ಲ ಅಂತ ನಿಮ್ಮ ವಕೀಲರು ಹೇಳಿದರೆ, 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಓದಲು ಹೇಳಿ. ಕೇಳಬಹುದು ಅಂತಲೇ ಅದರಲ್ಲಿದೆ. ನನ್ನ ಪ್ರಕರಣದ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ. ಆ ಕರೆಯ ರೆಕಾರ್ಡಿಂಗ್ ತರಿಸಿ ಆಯೋಗದ ಮುಂದೆ ಕೇಳಿಸಬೇಕು ಅಂತ ಮೊದಲ ದಿನವೇ ಅರ್ಜಿ ಹಾಕುತ್ತೇನೆ. ಅದು ಅಳಿಸಿಹೋಗಿದೆ ಅಂದರೆ, ಕೇಳಿಸಿಕೊಂಡ ನಾದಿನಿ ಸಾಕ್ಷಿಗೆ ಬರುತ್ತಾರೆ. ಮೀಟರ್ ರೀಡಿಂಗ್‌ನ ಫೋಟೋ, ಕೆಂಪು ದೀಪದ ವಿಡಿಯೋ, ನಿಮ್ಮ 'ತೃಪ್ತರಾಗಿದ್ದಾರೆ' ಮೆಸೇಜ್ ಎಲ್ಲ ಫೈಲ್ ಮಾಡಿ ಇಟ್ಟಿದ್ದೇನೆ.

ವಾಯಿದೆ ಹಾಕಿಸಿ ಹಾಕಿಸಿ ದಣಿಸಿಬಿಡಬಹುದು ಅಂತ ಲೆಕ್ಕ ಹಾಕಬೇಡಿ. ನಾನು ನಿವೃತ್ತಳು, ಕೋರ್ಟು ನಮ್ಮ ಮನೆಗೆ ಹತ್ತಿರ. ಪ್ರತಿ ವಾಯಿದೆಗೂ ನಾನೇ ಬಂದು ಕೂರುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ,
ದಾವಣಗೆರೆ